ಸ್ಟೀರಿಂಗ್ ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಹಳೆಯ ಕಾರುಗಳ ಮಾಲೀಕತ್ವ ವರ್ಗಾವಣೆಗೆ ಮುನ್ನ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ತಪಾಸಣೆಯನ್ನು ಕಡ್ಡಾಯ ಮಾಡುವ ಬಗ್ಗೆ.

ಮಾನ್ಯರೇ,

ನಾನು ತಿಪಟೂರಿನವಳು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಸರ್ಕಾರಕ್ಕೆ ಹೀಗೆ ಎಲ್ಲರ ಮುಂದೆ ಪತ್ರ ಬರೆಯುವ ಅಭ್ಯಾಸ ನನಗಿಲ್ಲ. ಕ್ರಮಬದ್ಧವಾಗಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಉತ್ತರಕ್ಕಾಗಿ ಕಾಯುವುದೇ ಸರಿಯಾದ ದಾರಿ ಎಂದು ಮಕ್ಕಳಿಗೂ ಹೇಳಿಕೊಟ್ಟವಳು ನಾನು. ಅದೇ ದಾರಿಯಲ್ಲಿ ನಾಲ್ಕು ಅರ್ಜಿ ಕೊಟ್ಟೆ, ಒಂಬತ್ತು ಸಲ ಸಾರಿಗೆ ಕಚೇರಿಗೆ ಹೋಗಿ ಬಂದೆ. ನಾಲ್ಕು ಸ್ವೀಕೃತಿಗಳು ನನ್ನ ಬಳಿ ಇವೆ, ಉತ್ತರ ಒಂದೂ ಇಲ್ಲ. ಆದ್ದರಿಂದ ಈ ಪತ್ರ.

ನನ್ನ ಕೋರಿಕೆ ಒಂದೇ ಆಗಿರುವುದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ರಾಜ್ಯದಲ್ಲಿ ಯಾವುದೇ ಹಳೆಯ ಕಾರು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುವ ಮೊದಲು, ಅದರ ಏರ್‌ಬ್ಯಾಗುಗಳು ಇರಬೇಕಾದ ಜಾಗದಲ್ಲಿ ಇವೆಯೇ, ಅದರ ಸೀಟ್ ಬೆಲ್ಟುಗಳು ಮಾಡಬೇಕಾದ ಕೆಲಸ ಮಾಡುತ್ತವೆಯೇ ಎಂದು ಬಲ್ಲವರು ಬಿಚ್ಚಿ ನೋಡಿ ಬರೆದುಕೊಟ್ಟ ಪತ್ರವಿಲ್ಲದೆ, ಆ ವರ್ಗಾವಣೆಯನ್ನು ತಮ್ಮ ಇಲಾಖೆ ಮಾಡಬಾರದು.

2023ರ ಜೂನ್‌ನಲ್ಲಿ ನಮ್ಮ ಯಜಮಾನರು ಒಂದು ಹಳೆಯ ಕಾರು ಕೊಂಡರು. 2020ರಲ್ಲಿ ತಯಾರಾದ ಗಾಡಿ, ಓಡಿದ್ದು ಕಡಿಮೆ, ಬಣ್ಣ ಹೊಸದರಂತಿತ್ತು. ನಿವೃತ್ತಿಯ ಹಣದಲ್ಲಿ ಹೊಸ ಕಾರು ಕೊಳ್ಳುವುದು ಕಷ್ಟವಾದ್ದರಿಂದ ಹಳೆಯದಕ್ಕೆ ಒಪ್ಪಿಕೊಂಡೆವು, ಆದರೆ ಎರಡು ಏರ್‌ಬ್ಯಾಗ್ ಇರಲೇಬೇಕು ಎಂದು ಹಟ ಹಿಡಿದವಳು ನಾನೇ. ಅದಕ್ಕೆ ಹಿಂದಿನ ವರ್ಷ, 2022ರ ಸೆಪ್ಟೆಂಬರ್ 4ರಂದು, ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಓದಿದಾಗಿನಿಂದ ನಮ್ಮ ಮಗಳು ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿಕೊಳ್ಳದೆ ಗಾಡಿ ಹೊರಡಿಸಲು ಬಿಡುತ್ತಿರಲಿಲ್ಲ. ಅಂಥ ಮನೆ ನಮ್ಮದು. ಕೊಳ್ಳುವ ದಿನ ಯಜಮಾನರು ಕೀ ತಿರುಗಿಸಿ ಮೀಟರಿನ ಮೇಲೆ ಬೆರಳಿಟ್ಟು ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿಕೊಂಡು ಕೆಲವು ಸೆಕೆಂಡಿನ ನಂತರ ಆರಿತು. "ನೋಡಿದ್ಯಾ, ದೀಪ ಬಂದು ಹೋಯ್ತು, ಅಂದ್ರೆ ಸರಿಯಾಗಿದೆ ಅಂತ," ಎಂದರು. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುವುದೂ ಹಾಗೆಯೇ. ಡ್ಯಾಶ್‌ಬೋರ್ಡಿಗೆ ಚರ್ಮದಂಥ ಹೊದಿಕೆ ಅಂಟಿಸಿದ್ದನ್ನು ಮಾರಿದವರು ಎಕ್ಸ್‌ಟ್ರಾ ಫಿಟಿಂಗ್ ಎಂದರು. ನಾವು ಚೆನ್ನಾಗಿದೆ ಎಂದುಕೊಂಡೆವು. ಡ್ರೈವರ್ ಸೀಟಿನ ಬೆಲ್ಟ್ ಸಿಕ್ಕಿಸುವ ಬಕಲ್ ಮಾತ್ರ ಪಕ್ಕದ ಸೀಟಿನದಕ್ಕಿಂತ ಎರಡು ಬೆರಳು ಕೆಳಗಿತ್ತು. "ಕೈಗೆ ಸಿಗಲ್ಲ ಕಣೇ ಇದು," ಎಂದು ಯಜಮಾನರು ಎಷ್ಟೋ ಸಲ ಗೊಣಗಿದ್ದರು. ಅದರ ಅರ್ಥ ನಮಗೆ ಗೊತ್ತಾಗಿದ್ದು ಒಂದೂವರೆ ವರ್ಷದ ನಂತರ.

2024ರ ಡಿಸೆಂಬರ್ ಮೊದಲ ವಾರದಲ್ಲಿ ಅರಸೀಕೆರೆಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ಸಂಜೆ ಏಳರ ಹೊತ್ತಿಗೆ ಬಿ.ಎಚ್. ರಸ್ತೆಯಲ್ಲಿ ಹಿಂದಿರುಗುತ್ತಿದ್ದೆವು. ಯಜಮಾನರು ಗಾಡಿ ಓಡಿಸುತ್ತಿದ್ದರು, ನಾನು ಹಿಂದಿನ ಸೀಟಿನ ಎಡಗಡೆ ಕುಳಿತಿದ್ದೆ, ಇಬ್ಬರೂ ಬೆಲ್ಟ್ ಹಾಕಿದ್ದೆವು. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದು ದಾಟಿದ ಮೇಲೆ ಕಂಡಿದ್ದು ರಾಗಿ ಹುಲ್ಲು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರ್. ಅದರ ಹಿಂದೆ ಕೆಂಪು ದೀಪವಿರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಬ್ರೇಕ್ ಹಾಕಿದರೂ ಟ್ರೇಲರಿನ ಮೂಲೆಗೆ ಕಾರಿನ ಮೂತಿ ಹೋಗಿ ಗುದ್ದಿತು.

ನನಗೆ ಆಗಿದ್ದು ಎಡ ಹೆಗಲಿನಿಂದ ಸೊಂಟದವರೆಗೆ ಬೆಲ್ಟಿನ ಅಗಲಕ್ಕೆ ನೀಲಿಗಟ್ಟಿದ ಒಂದು ಪಟ್ಟೆ, ಅಷ್ಟೆ. ಹದಿನೈದು ದಿನದಲ್ಲಿ ಅದು ಮಾಸಿತು. ನಮ್ಮ ಯಜಮಾನರ ಮುಖ ನೇರವಾಗಿ ಸ್ಟೀರಿಂಗಿಗೆ ಹೋಗಿ ಬಡಿದಿತ್ತು. ಕೆಳದವಡೆ ಎರಡು ಕಡೆ ಮುರಿದಿತ್ತು. ತಿಪಟೂರಿನಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದು ಪ್ಲೇಟ್ ಹಾಕಿಸಿದೆವು. ಆರು ವಾರ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರಿಂದ ಗಂಜಿಯನ್ನು ಸ್ಟ್ರಾ ಮೂಲಕ ಕುಡಿಸಿದೆ. ಎಡಗಣ್ಣು ಉಳಿಯಲಿಲ್ಲ. ಒಂದೇ ಕಣ್ಣಿನಲ್ಲಿ ದೂರದ ಅಳತೆ ಸರಿಯಾಗಿ ಸಿಗುವುದಿಲ್ಲವೆಂದು ನಾನೇ ಎಂಟನೇ ತರಗತಿಯ ಮಕ್ಕಳಿಗೆ ಪೆನ್ಸಿಲ್ಲಿನ ತುದಿ ಮುಟ್ಟಿಸಿ ತೋರಿಸುತ್ತಿದ್ದೆ. ಈಗ ಪ್ರತಿದಿನ ಬೆಳಿಗ್ಗೆ ಯಜಮಾನರು ಲೋಟಕ್ಕೆ ಕಾಫಿ ಬಗ್ಗಿಸುವಾಗ ಅದು ಅಂಚಿನಾಚೆ ಮೇಜಿನ ಮೇಲೆ ಸುರಿಯುವುದನ್ನು ನೋಡುತ್ತೇನೆ. ನಾನು ಬಗ್ಗಿಸಿಕೊಡುತ್ತೇನೆಂದರೆ ಬೇಡ ಎನ್ನುತ್ತಾರೆ. ಬಟ್ಟೆ ತಂದು ತಾವೇ ಒರೆಸುತ್ತಾರೆ.

ಹಿಂದೆ ಕುಳಿತವಳಿಗೆ ಗೀರು, ಮುಂದೆ ಕುಳಿತವರಿಗೆ ಈ ಗತಿ ಏಕೆ ಎಂಬ ಪ್ರಶ್ನೆ ಆಸ್ಪತ್ರೆಯಲ್ಲಿದ್ದಾಗಲೇ ನನ್ನನ್ನು ಕಾಡುತ್ತಿತ್ತು. ಕಾರನ್ನು ಎಳೆದು ತಂದು ಇಟ್ಟಿದ್ದ ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಅವನಿಗೂ ಅನುಮಾನ ಬಂದು, ಸ್ಟೀರಿಂಗಿನ ಹಿಂಬದಿಯ ಬೋಲ್ಟುಗಳನ್ನು ಸಡಿಲಿಸಿ ನಡುವಿನ ಮುಚ್ಚಳವನ್ನು ನನ್ನ ಎದುರಿಗೇ ತೆಗೆದ. "ಮಿಸ್, ಇಲ್ನೋಡಿ," ಎಂದ. ಒಳಗೆ ಮಡಚಿದ ಚೀಲವಿರಲಿಲ್ಲ, ಅದನ್ನು ಉಬ್ಬಿಸುವ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿಯೂ ಇರಲಿಲ್ಲ. ಹರಿದ ಮುಚ್ಚಳವನ್ನು ಒಳಗಡೆಯಿಂದ ಗೋಂದು ಹಾಕಿ ಅಂಟಿಸಿ, ಮೇಲೆ ಬಣ್ಣ ಬಳಿದಿದ್ದರು. ಡಬ್ಬಿಗೆ ಸಿಕ್ಕಿಸಬೇಕಾದ ಹಳದಿ ಕನೆಕ್ಟರಿನ ಎರಡು ತಂತಿಗಳ ನಡುವೆ ಭತ್ತದ ಕಾಳಿನಷ್ಟು ದಪ್ಪದ ಒಂದು ರೆಸಿಸ್ಟರ್ ಬೆಸೆದಿದ್ದರು. ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡಿನ ಚರ್ಮದ ಹೊದಿಕೆ ಕಿತ್ತಾಗ ಅದರಡಿಯಲ್ಲೂ ಒಡೆದು ಅಂಟಿಸಿದ ಗುರುತು, ಅಲ್ಲೂ ಅದೇ ರೆಸಿಸ್ಟರ್.

ಮಾನ್ಯರೇ, ಆ ಕಾಳಿನಷ್ಟು ವಸ್ತು ಏನು ಮಾಡುತ್ತದೆಂದು ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾರಿನ ನಡುವೆ, ಗೇರಿನ ಹತ್ತಿರ ಇರುವ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್, ಕೀ ತಿರುಗಿಸಿದಾಗಲೆಲ್ಲ ತನ್ನ ಪ್ರತಿಯೊಂದು ತಂತಿಯಲ್ಲೂ ಸಣ್ಣ ವಿದ್ಯುತ್ ಹರಿಸಿ, ಆ ತುದಿಯಲ್ಲಿ ಎರಡು ಮೂರು ಓಮ್ ರೋಧವಿದೆಯೇ ಎಂದು ನೋಡುತ್ತದೆ. ಇದ್ದರೆ ಇನ್‌ಫ್ಲೇಟರ್ ಇದೆಯೆಂದು ನಂಬಿ ಕೆಂಪು ದೀಪ ಆರಿಸುತ್ತದೆ. ಇನ್‌ಫ್ಲೇಟರಿನ ಬದಲು ಅಷ್ಟೇ ರೋಧದ ತುಣುಕನ್ನು ಸಿಕ್ಕಿಸಿದರೂ ನಂಬುತ್ತದೆ. ನಮ್ಮ ಯಜಮಾನರು ಬೆರಳಿಟ್ಟು ತೋರಿಸಿದ ದೀಪ ಆರಿದ್ದು ಈ ಸುಳ್ಳನ್ನು ನಂಬಿ. ಕೆಲವರು ರೆಸಿಸ್ಟರಿನ ಖರ್ಚೂ ಬೇಡವೆಂದು ಏರ್‌ಬ್ಯಾಗಿನ ದೀಪದ ತಂತಿಯನ್ನು ಬ್ಯಾಟರಿ ದೀಪದ ತಂತಿಗೆ ಕಟ್ಟಿಬಿಡುತ್ತಾರಂತೆ. ಎಂಜಿನ್ ಶುರುವಾದೊಡನೆ ಎರಡೂ ಒಟ್ಟಿಗೆ ಆರುತ್ತವೆ.

ಬೆಲ್ಟಿನ ಕಥೆಯೂ ಇದೇ. ಮುಂದಿನ ಸೀಟಿನ ಬೆಲ್ಟಿಗೆ ಪ್ರಿಟೆನ್ಷನರ್ ಎಂಬ ಸಣ್ಣ ಸಿಡಿಮದ್ದಿನ ವ್ಯವಸ್ಥೆ ಇರುತ್ತದೆ. ಡಿಕ್ಕಿಯಾದ ಕ್ಷಣ ಅದು ಸಿಡಿದು ಬೆಲ್ಟನ್ನು ಒಳಕ್ಕೆ ಜಗ್ಗಿ, ಮೈಯನ್ನು ಸೀಟಿಗೆ ಬಿಗಿಹಿಡಿಯುತ್ತದೆ. ಅಷ್ಟರಲ್ಲಿ, ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗದ ಸುಮಾರಿಗೆ, ಏರ್‌ಬ್ಯಾಗ್ ಉಬ್ಬಿ ನಿಂತಿರುತ್ತದೆ. ಎರಡೂ ಒಂದೇ ಕೆಲಸದ ಎರಡು ಕೈಗಳು. ಬೆಲ್ಟ್ ಇಲ್ಲದ ಮೈಗೆ ಉಬ್ಬುತ್ತಿರುವ ಚೀಲವೇ ಪೆಟ್ಟು ಕೊಡಬಹುದು. ಪ್ರಿಟೆನ್ಷನರ್ ಕೂಡ ಏರ್‌ಬ್ಯಾಗಿನಂತೆ ಒಂದು ಸಲಕ್ಕೆ ಮಾತ್ರ. ನಮ್ಮ ಕಾರಿನಲ್ಲಿ ಹಿಂದೆಂದೋ ಅದು ಸಿಡಿದು ಬಕಲನ್ನು ಕೆಳಕ್ಕೆ ಎಳೆದುಕೊಂಡಿತ್ತು. ಯಜಮಾನರ ಕೈಗೆ ಸಿಗದಿದ್ದ ಆ ಎರಡು ಬೆರಳಿನ ಅಂತರ ಹಳೆಯ ಅಪಘಾತದ ಸಾಕ್ಷಿಯಾಗಿತ್ತು. ಅದು ಹದಿನೆಂಟು ತಿಂಗಳು ನಮ್ಮ ಕಣ್ಣೆದುರಿಗೇ ಇತ್ತು, ನಮಗೆ ಓದಲು ಬರಲಿಲ್ಲ. ಓದಲು ಬರುವವರು ತಮ್ಮ ಇಲಾಖೆಯಲ್ಲಿ ಇದ್ದಾರೆ. ಅವರು ಕಾರನ್ನು ನೋಡಲೇ ಇಲ್ಲ.

ಚಾಸಿ ನಂಬರ್ ಹಿಡಿದುಕೊಂಡು ಆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದಾಗ ಉಳಿದ ಕಥೆ ಸಿಕ್ಕಿತು. 2022ರಲ್ಲಿ ಆ ಕಾರು ಮುಂಭಾಗ ನಜ್ಜುಗುಜ್ಜಾಗಿ, ಎರಡೂ ಏರ್‌ಬ್ಯಾಗ್ ತೆರೆದ ಸ್ಥಿತಿಯಲ್ಲಿ ಅಲ್ಲಿಗೆ ಬಂದಿತ್ತು. ರಿಪೇರಿಯ ಅಂದಾಜು, ವಿಮೆಯಲ್ಲಿ ನಮೂದಾದ ಬೆಲೆಯ ನೂರಕ್ಕೆ 75 ಭಾಗ ದಾಟಿದ್ದರಿಂದ ವಿಮೆಯವರು ಟೋಟಲ್ ಲಾಸ್, ಅಂದರೆ ಪೂರ್ತಿ ನಷ್ಟ, ಎಂದು ಹಣ ಕೊಟ್ಟರು. ಅಲ್ಲಿಂದ ಅದು ಆರ್‌ಸಿ ಎಂಬ ನೋಂದಣಿ ಪತ್ರದ ಸಮೇತ ಗುಜರಿಗೆ ಹೋಯಿತು. ಯಾರೋ ಕೊಂಡು, ತಗಡು ಬಡಿದು, ಬಣ್ಣ ಹೊಡೆದು, ಕಂಟ್ರೋಲ್ ಯೂನಿಟ್ಟಿನ ನೆನಪಿನಲ್ಲಿದ್ದ ಅಪಘಾತದ ಗುರುತನ್ನು ಕಂಪ್ಯೂಟರಿನಿಂದ ಅಳಿಸಿ, ಮಾರುಕಟ್ಟೆಗೆ ಬಿಟ್ಟರು. ಎರಡು ಏರ್‌ಬ್ಯಾಗ್, ಪ್ರಿಟೆನ್ಷನರುಗಳು, ಕಂಟ್ರೋಲ್ ಯೂನಿಟ್, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಹೊಸದಾಗಿ ಹಾಕಿಸಿದ್ದರೆ ಒಂದು ಲಕ್ಷಕ್ಕೂ ಹೆಚ್ಚು ಖರ್ಚಾಗುತ್ತಿತ್ತು ಎಂದು ನನ್ನ ವಿದ್ಯಾರ್ಥಿ ಲೆಕ್ಕ ಹಾಕಿ ಹೇಳಿದ. ರೆಸಿಸ್ಟರಿಗೆ ಐದು ರೂಪಾಯಿಯೂ ಆಗುವುದಿಲ್ಲ.

ಮೋಟಾರು ವಾಹನ ಕಾಯ್ದೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. 55ನೇ ಕಲಮಿನ ಪ್ರಕಾರ, ನಾಶವಾದ ಅಥವಾ ಇನ್ನೆಂದೂ ಬಳಸಲಾಗದ ವಾಹನದ ಬಗ್ಗೆ ಮಾಲೀಕರು 14 ದಿನಗಳೊಳಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕು. ವಿಮೆಯ ಕಡತದಲ್ಲಿ ಸತ್ತ ಕಾರು ತಮ್ಮ ಕಡತದಲ್ಲಿ ಜೀವಂತವಾಗಿ ಉಳಿದದ್ದು ಹೇಗೆ? ವಿಮೆ ಇದೆಯೋ ಇಲ್ಲವೋ ಎಂಬುದು ವಾಹನಗಳ ನೋಂದಣಿ ವಿವರವಿರುವ ವಾಹನ್ ಪೋರ್ಟಲಿನಲ್ಲಿ ಕ್ಷಣದಲ್ಲಿ ಕಾಣುತ್ತದೆ. ಅದೇ ವಿಮೆಯವರು ಟೋಟಲ್ ಲಾಸ್ ಎಂದು ಹಣ ಕೊಟ್ಟ ವಿಷಯ, ಏರ್‌ಬ್ಯಾಗ್ ತೆರೆದಿತ್ತೆಂದು ಸರ್ವೇಯರ್ ಬರೆದ ವಿಷಯ, ಆ ಕಾರನ್ನು ಕೊಳ್ಳಲು ಹೊರಟವರಿಗೆ ಕಾಣುವುದಿಲ್ಲ.

ಮಾಲೀಕತ್ವ ವರ್ಗಾವಣೆಗೆ ನಾವು ಫಾರಂ 29, ಫಾರಂ 30 ತುಂಬಿದೆವು, ಶುಲ್ಕ ಕಟ್ಟಿದೆವು, ಎಮಿಷನ್ ಟೆಸ್ಟಿನ ಚೀಟಿ ಇಟ್ಟೆವು, ವಿಮೆಯ ಪ್ರತಿ ಇಟ್ಟೆವು, ಆಧಾರ್ ಕೊಟ್ಟೆವು. ಹೊಸ ಆರ್‌ಸಿ ಅಂಚೆಯಲ್ಲಿ ಮನೆಗೆ ಬಂತು. ಕಾರಿನ ಹೊಗೆ ಎಷ್ಟಿದೆಯೆಂದು ವರ್ಷಕ್ಕೊಮ್ಮೆ ತೋರಿಸಬೇಕು; ತೋರಿಸದಿದ್ದರೆ ದಂಡ. ಕಾರಿನೊಳಗೆ ಕುಳಿತವರ ಪ್ರಾಣ ಉಳಿಸುವ ಉಪಕರಣವನ್ನು ಮಾತ್ರ, ಬಿಳಿ ಬೋರ್ಡಿನ ಸ್ವಂತ ಗಾಡಿಗೆ ಹದಿನೈದು ವರ್ಷ ತುಂಬಿ ಮರುನೋಂದಣಿಗೆ ಬರುವವರೆಗೆ ಸರ್ಕಾರದ ಪರವಾಗಿ ಒಬ್ಬರೂ ಒಮ್ಮೆಯೂ ನೋಡುವುದಿಲ್ಲ. ಹದಿನೈದು ವರ್ಷದಲ್ಲಿ ಒಂದು ಕಾರು ಮೂರು ನಾಲ್ಕು ಕೈ ಬದಲಾಗಿರುತ್ತದೆ.

ಅದೇ ಕಾಯ್ದೆಯ 52ನೇ ಕಲಮನ್ನು ಓದಿದಾಗ ನನಗೆ ದುಃಖವೇ ಆಯಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ ಅದು. ಆರ್‌ಸಿಯಲ್ಲಿ ಬಣ್ಣ ಇದೆ, ಚಾಸಿ ನಂಬರ್ ಇದೆ, ಎಂಜಿನ್ ನಂಬರ್ ಇದೆ, ಎಷ್ಟು ಜನ ಕೂರಬಹುದು ಎಂಬುದೂ ಇದೆ. ಏರ್‌ಬ್ಯಾಗ್ ಎಂಬ ಪದವಿಲ್ಲ. ಹೀಗಾಗಿ ನಾನು ನನ್ನ ಬಿಳಿ ಕಾರಿಗೆ ಕೆಂಪು ಬಣ್ಣ ಹೊಡೆಸಿದರೆ ತಮ್ಮ ಕಚೇರಿಗೆ ಬಂದು ಬರೆಸಿಕೊಳ್ಳಬೇಕು. ಎರಡೂ ಏರ್‌ಬ್ಯಾಗ್ ಕಿತ್ತು ಎಸೆದರೆ ಆರ್‌ಸಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ನನ್ನ ಮೂರನೇ ಭೇಟಿಯಲ್ಲಿ ಕಚೇರಿಯ ಅಧಿಕಾರಿಯೊಬ್ಬರು, "ಮೇಡಂ, ಏರ್‌ಬ್ಯಾಗೆಲ್ಲ ನಮಗೆ ಬರಲ್ಲ. ಗಾಡಿ ತಂದ್ರೂ ನಾವು ನೋಡೋದು ಚಾಸಿ ನಂಬರು ಅಷ್ಟೆ," ಎಂದರು. ಅವರು ಒರಟಾಗಿ ಹೇಳಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು. ಹಾಗಾದರೆ ಇದು ಯಾರಿಗೆ ಬರುತ್ತದೆ ಎಂದು ಕೇಳಿದೆ. ಪೊಲೀಸರನ್ನು ಕೇಳಿ ಎಂದರು. ಪೊಲೀಸ್ ಠಾಣೆಯಲ್ಲಿ, ಟ್ರ್ಯಾಕ್ಟರಿನವನ ಮೇಲೆ ಕೇಸು ಆಗಿದೆ, ಕಾರು ಮಾರಿದವರ ವಿಷಯ ಸಿವಿಲ್ ವ್ಯಾಜ್ಯ, ಗ್ರಾಹಕರ ಆಯೋಗಕ್ಕೆ ಹೋಗಿ ಎಂದರು. ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇನೆ, ದಿನಾಂಕಗಳು ಬೀಳುತ್ತಿವೆ. ಮಾರಿದವರು, ತಮಗೂ ಗೊತ್ತಿರಲಿಲ್ಲ, ತಾವೂ ಬೇರೆಯವರಿಂದ ಕೊಂಡದ್ದು ಎನ್ನುತ್ತಾರೆ. ಏರ್‌ಬ್ಯಾಗ್ ತೆರೆಯದ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ, ಡಿಕ್ಕಿಯ ವೇಗ ಮತ್ತು ಬಲವನ್ನು ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕೆಂದು ನಿರೀಕ್ಷಿಸಲಾಗದು ಎಂದು ಹೇಳಿ ತಯಾರಕರನ್ನು ಹೊಣೆ ಮಾಡಿದ್ದನ್ನು ಓದಿದ್ದೇನೆ. ನಮ್ಮ ವಿಷಯದಲ್ಲಿ ತಯಾರಕರದೂ ತಪ್ಪಿಲ್ಲ. ಅವರು ಹಾಕಿಕೊಟ್ಟಿದ್ದರು, ಅದು ಒಮ್ಮೆ ತೆರೆದು ಯಾರನ್ನೋ ಕಾಪಾಡಿತ್ತು. ಆ ಮನೆಯವರು ಕ್ಷೇಮವಾಗಿರಲಿ. ಅವರನ್ನು ಕಾಪಾಡಿದ ಚೀಲದ ಜಾಗದಲ್ಲಿ ಇನ್ನೊಂದು ಚೀಲ ಇದೆಯೇ ಎಂದು ನೋಡುವ ಹೊಣೆ ಯಾರದೂ ಅಲ್ಲದೆ ಹೋಗಿದ್ದರಿಂದ ನಮ್ಮ ಮನೆಗೆ ಹೀಗಾಯಿತು.

ಕೇಂದ್ರ ಸರ್ಕಾರ ಹೊಸ ಕಾರುಗಳ ಬಗ್ಗೆ ಮಾಡಿದ್ದನ್ನು ನಾನು ಕಡೆಗಣಿಸುತ್ತಿಲ್ಲ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಮತ್ತು ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ ಕಡ್ಡಾಯವಾಯಿತು. 2021ರಲ್ಲಿ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಬೇಕೆಂದು ಆದೇಶ ಬಂತು. 2022ರ ಜನವರಿಯಲ್ಲಿ ಆರು ಏರ್‌ಬ್ಯಾಗಿನ ಕರಡು ನಿಯಮ ಹೊರಬಂದು, ಒಂದು ವರ್ಷ ಮುಂದಕ್ಕೆ ಹೋಗಿ, ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಮಾಡುವುದಿಲ್ಲವೆಂದು ಕೇಂದ್ರ ಸಚಿವರೇ ಹೇಳಿದರು. ಅದೇ ವರ್ಷದ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಜಾರಿಗೆ ಬಂದು, ಹೊಸ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನಕ್ಷತ್ರಗಳನ್ನು ಕೊಡುತ್ತಾರೆ. ಎಲ್ಲವೂ ಒಳ್ಳೆಯದೇ. ಆದರೆ ಇದೆಲ್ಲ ಶೋರೂಮಿನ ಬಾಗಿಲ ತನಕ ಮಾತ್ರ. ಐದು ನಕ್ಷತ್ರದ ಕಾರು ಒಂದು ಅಪಘಾತದ ನಂತರ ಗುಜರಿಯಿಂದ ಎದ್ದು ಬಂದರೆ ಅದಕ್ಕೆ ಎಷ್ಟು ನಕ್ಷತ್ರ ಎಂದು ಹೇಳುವವರಿಲ್ಲ. ಹೊಸ ಕಾರು ಕೊಳ್ಳಲಾರದವರು ಹಳೆಯ ಕಾರು ಕೊಳ್ಳುತ್ತಾರೆ. ಈ ನಿಯಮಗಳ ರಕ್ಷಣೆ ಅವರ ಬಳಿಗೆ ಬರುವಷ್ಟರಲ್ಲಿ ಕಾಗದದಲ್ಲಷ್ಟೇ ಉಳಿದಿರುತ್ತದೆ. ಆರು ಬೇಕೋ ಎರಡು ಸಾಕೋ ಎಂಬ ಚರ್ಚೆ ನನ್ನದಲ್ಲ. ಇರಬೇಕಾದ ಎರಡು ಇವೆಯೇ ಎಂದು ನೋಡಿ ಎಂಬುದು ನನ್ನ ಬೇಡಿಕೆ.

ಕೇಂದ್ರದ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 16,715 ಜನ ಸೀಟ್ ಬೆಲ್ಟ್ ಹಾಕದೆ ಸತ್ತವರು. ಬೆಲ್ಟ್ ಹಾಕದಿರುವುದು ಸತ್ತವರ ತಪ್ಪೆಂದು ಲೆಕ್ಕಕ್ಕೆ ಸಿಗುತ್ತದೆ. ಬೆಲ್ಟ್ ಹಾಕಿಯೂ ಅದು ಬಿಗಿಯದೆ, ಏರ್‌ಬ್ಯಾಗ್ ಇದೆಯೆಂದು ನಂಬಿ ಅದು ಇಲ್ಲದೆ ಸತ್ತವರ ಲೆಕ್ಕ ಆ ವರದಿಯಲ್ಲಿ ನನಗೆ ಸಿಗಲಿಲ್ಲ. ಅಪಘಾತವಾದ ಕಾರಿನ ಸ್ಟೀರಿಂಗನ್ನು ಬಿಚ್ಚಿ ನೋಡಿದರೆ ತಾನೇ ಆ ಲೆಕ್ಕ ಬರುವುದು? ನನ್ನ ವಿದ್ಯಾರ್ಥಿ ಆ ದಿನ ಕುತೂಹಲಕ್ಕೆ ಬಿಚ್ಚದೆ ಹೋಗಿದ್ದರೆ, "ಹಣೆಬರಹ" ಎಂದು ಹೇಳಿಕೊಂಡು ನಾವೂ ಸುಮ್ಮನಿರುತ್ತಿದ್ದೆವು.

ಇದು ಕೇಂದ್ರದ ಕಾಯ್ದೆ, ರಾಜ್ಯದ ಕೈಯಲ್ಲಿ ಏನೂ ಇಲ್ಲ ಎಂಬ ಉತ್ತರವನ್ನು ದಯವಿಟ್ಟು ಕಳುಹಿಸಬೇಡಿ. ಕಾಯ್ದೆ ಕೇಂದ್ರದ್ದೇ ಇರಬಹುದು, ಆದರೆ ವರ್ಗಾವಣೆ ಮಾಡುವ ಕಚೇರಿ ತಮ್ಮದು, ಮೋಟಾರು ವಾಹನ ನಿರೀಕ್ಷಕರು ತಮ್ಮವರು. ಕಾರಿನ ಬೆಲೆಯ ನೂರಕ್ಕೆ 13ರಿಂದ 18 ಭಾಗವನ್ನು ಜೀವಾವಧಿ ತೆರಿಗೆ ಎಂದು ವಸೂಲು ಮಾಡುವ ಖಜಾನೆಯೂ ತಮ್ಮದೇ. 2019ರ ಏಪ್ರಿಲ್‌ಗೆ ಮುಂಚಿನ ಎಲ್ಲ ವಾಹನಗಳಿಗೂ ಹೊಸ ನಂಬರ್ ಪ್ಲೇಟ್ ಹಾಕಿಸಿ ಎಂದು 2023ರಲ್ಲಿ ಇದೇ ರಾಜ್ಯ ಆದೇಶ ಮಾಡಿ, ಗಡುವು ಮುಂದೂಡುತ್ತ, ಲಕ್ಷಾಂತರ ಜನರಿಂದ ಅದನ್ನು ಮಾಡಿಸಿತು. ನಂಬರ್ ಪ್ಲೇಟಿಗೆ ಸಾಧ್ಯವಾದದ್ದು ಏರ್‌ಬ್ಯಾಗಿಗೆ ಏಕೆ ಸಾಧ್ಯವಿಲ್ಲ?

ಇದು ದೊಡ್ಡ ಕೆಲಸವೂ ಅಲ್ಲ. ಬರೀ ಸ್ಕ್ಯಾನರ್ ಸಿಕ್ಕಿಸಿ ನೋಡಿದರೆ ಸಾಲದು, ಏಕೆಂದರೆ ರೆಸಿಸ್ಟರ್ ಅದನ್ನೂ ನಂಬಿಸಿಬಿಡುತ್ತದೆ. ಬಿಚ್ಚಿ ನೋಡಬೇಕು. ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಕಲಿತ ಕೈಗೆ ಒಪ್ಪಿಸಿದರೆ, ಬ್ಯಾಟರಿ ತೆಗೆದು, ಸ್ಟೀರಿಂಗಿನ ಮುಚ್ಚಳ ಬಿಚ್ಚಿ, ಏರ್‌ಬ್ಯಾಗಿನ ಮೇಲಿರುವ ಸಂಖ್ಯೆಯನ್ನು ಬರೆದುಕೊಂಡು, ಬೆಲ್ಟುಗಳನ್ನು ಜಗ್ಗಿ ನೋಡಿ, ಬಕಲಿನ ಎತ್ತರ ನೋಡಿ, ಸಹಿ ಹಾಕಿ ಕೊಡಬಹುದು. ಶುಲ್ಕ ಕೊಳ್ಳುವವರಿಂದಲೇ ತೆಗೆದುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಆ ಪತ್ರವನ್ನು ಪೋರ್ಟಲಿಗೆ ಏರಿಸದೆ ಫಾರಂ 30 ಮುಂದೆ ಹೋಗದಂತೆ ಮಾಡಿ. ಏರ್‌ಬ್ಯಾಗ್ ತೆರೆದ ಪ್ರತಿ ಅಪಘಾತವನ್ನೂ ವಿಮೆಯವರು ಸಾರಿಗೆ ಇಲಾಖೆಗೆ ತಿಳಿಸುವಂತೆ ಮಾಡಿ, ಆ ಕಾರಿನ ದಾಖಲೆಯಲ್ಲಿ ಅದು ಕಾಣುವಂತೆ ಮಾಡಿ. ಇದಕ್ಕೆ ಕೇಂದ್ರದ ಒಪ್ಪಿಗೆ ಬೇಕಿದ್ದರೆ ರಾಜ್ಯದ ಪರವಾಗಿ ಕೇಳಿ. ಹಳೆಯ ಕಾರು ಮಾರುವ ಡೀಲರುಗಳು ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದಲೇ ಇದೆ; ಅವರ ಕೈಗೆ ಬಂದ ಗಾಡಿಗೆ ಅವರನ್ನೇ ಮಾಲೀಕರೆಂದು ಪರಿಗಣಿಸುವ ನಿಯಮ ಅದು. ಹಾಗಿದ್ದ ಮೇಲೆ ಒಳಗಿರುವ ಏರ್‌ಬ್ಯಾಗಿಗೂ ಅವರೇ ಲಿಖಿತವಾಗಿ ಹೊಣೆಯಾಗಲಿ.

ಇನ್ನೊಂದು ವಿಷಯವನ್ನೂ ಗಮನಕ್ಕೆ ತರಬೇಕು. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ರಾಜ್ಯವೆಲ್ಲ ಟಿವಿಯಲ್ಲಿ ನೋಡಿದೆ. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಇರುವುದು ಕಾರಿನ ನೆಲಕ್ಕೆ ಹತ್ತಿರ. ಮುಂದಿನ ಸೀಟುಗಳ ಅಡಿಯಲ್ಲೂ ಅದರ ಹಳದಿ ಕನೆಕ್ಟರುಗಳಿರುತ್ತವೆ. ಸೀಟಿನ ಮಟ್ಟಕ್ಕೆ ನೀರು ನಿಂತ ಕಾರಿನಲ್ಲಿ ಮೊದಲು ನೆನೆಯುವುದು ಅವೇ. ಒಣಗಿಸಿ, ಕಾರ್ಪೆಟ್ ಬದಲಿಸಿ, ಸುಗಂಧ ಹೊಡೆದು ಮಾರಿದ ಅಂಥ ಕಾರುಗಳು ಇಂದು ಯಾವ ಊರಿನಲ್ಲಿ, ಯಾರ ಮಕ್ಕಳನ್ನು ಕೂರಿಸಿಕೊಂಡು ಓಡುತ್ತಿವೆ ಎಂದು ಹೇಳುವ ದಾಖಲೆ ತಮ್ಮ ಇಲಾಖೆಯಲ್ಲಿದೆಯೇ? ಇಲ್ಲದಿದ್ದರೆ ಅದನ್ನು ತಿಳಿಯಲು ಇರುವ ದಾರಿ ಒಂದೇ: ವರ್ಗಾವಣೆಯ ಸಮಯದಲ್ಲಿ ತಪಾಸಣೆ ಮಾಡಿಸುವುದು.

ಮಾನ್ಯರೇ, ನಾನು ಪರಿಹಾರ ಕೇಳುತ್ತಿಲ್ಲ. ಹೋದ ಕಣ್ಣನ್ನು ಯಾವ ಇಲಾಖೆಯೂ ತಂದುಕೊಡಲಾರದು. ನನ್ನ ನಾಲ್ಕು ಅರ್ಜಿಗಳಿಗೆ ಉತ್ತರ ಬಾರದಿದ್ದುದನ್ನೂ ಮರೆಯಲು ಸಿದ್ಧಳಿದ್ದೇನೆ. ಏರ್‌ಬ್ಯಾಗ್ ತಪಾಸಣೆಯ ಪತ್ರವಿಲ್ಲದೆ ಹಳೆಯ ಕಾರನ್ನು ಇನ್ನೊಬ್ಬರ ಹೆಸರಿಗೆ ಮಾಡಬೇಡಿ. ಇದನ್ನು ಮೊದಲ ಅರ್ಜಿಯಲ್ಲಿ ವಿನಯದಿಂದ ಕೇಳಿದ್ದೆ, ಎರಡನೆಯದರಲ್ಲಿ ಕಲಮುಗಳ ಸಮೇತ ಕೇಳಿದ್ದೆ, ಮೂರನೆಯದರಲ್ಲಿ ಯಜಮಾನರ ಫೋಟೋ ಅಂಟಿಸಿ ಕೇಳಿದ್ದೆ. ಇನ್ನು ಹೇಗೆ ಕೇಳಬೇಕೆಂದು ನನಗೆ ತಿಳಿಯುತ್ತಿಲ್ಲ.

ನಾಲ್ಕನೆಯ ಅರ್ಜಿಯ ವಿಷಯ ಬೇರೆ. ನಮ್ಮ ಅಪಘಾತದ ನಂತರ ವಿಮೆಯ ಸರ್ವೇಯರ್ ಬಂದು, ಈ ಕಾರು ಮತ್ತೆ ಟೋಟಲ್ ಲಾಸ್ ಎಂದು ಬರೆದುಕೊಂಡರು. ಅವರ ಹಿಂದೆಯೇ ಗುಜರಿ ಕೊಳ್ಳುವವರೊಬ್ಬರು ಬಂದರು. "ಅಮ್ಮ, ಆರ್‌ಸಿ ಸಮೇತ ಕೊಟ್ರೆ ಅರವತ್ತು ಸಾವಿರ ಜಾಸ್ತಿ ಕೊಡ್ತೀನಿ, ಬೇಗ ಮುಗಿದುಹೋಗುತ್ತೆ," ಎಂದರು. ಆಸ್ಪತ್ರೆಯ ಸಾಲ ತಲೆಯ ಮೇಲಿದ್ದ ಆ ದಿನ ಅರವತ್ತು ಸಾವಿರ ನಮಗೆ ಸಣ್ಣ ಮೊತ್ತವಾಗಿರಲಿಲ್ಲ. ನಾನು ಕೊಡಲಿಲ್ಲ. 55ನೇ ಕಲಮಿನ ಪ್ರಕಾರ ಆರ್‌ಸಿ ರದ್ದು ಮಾಡಿ ಎಂದು ಅರ್ಜಿ ಬರೆದು, ಮೂಲ ಆರ್‌ಸಿಯನ್ನು ಲಗತ್ತಿಸಿ, 14 ದಿನ ತುಂಬುವ ಮೊದಲೇ ಕಚೇರಿಗೆ ಕೊಟ್ಟೆ. ಕಾರು ನಮ್ಮ ಹಿತ್ತಿಲ ತೆಂಗಿನಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿದೆ. ಸ್ಟೀರಿಂಗಿನಿಂದ ತೆಗೆದ ರೆಸಿಸ್ಟರ್ ಗ್ರಾಹಕರ ಆಯೋಗಕ್ಕೆ ತೋರಿಸಲೆಂದು ಬೀರುವಿನಲ್ಲಿದೆ. ಮೊನ್ನೆ ಪೋರ್ಟಲಿನಲ್ಲಿ ಆ ಕಾರಿನ ನಂಬರ್ ಹಾಕಿ ನೋಡಿದೆ. ನೋಂದಣಿಯ ಸ್ಥಿತಿ ಎಂಬಲ್ಲಿ ಇನ್ನೂ ಸಕ್ರಿಯ ಎಂದೇ ತೋರಿಸುತ್ತಿದೆ. ಕನಿಷ್ಠ ಆ ಒಂದು ಆರ್‌ಸಿಯನ್ನಾದರೂ ಈ ವಾರ ರದ್ದು ಮಾಡಿಸಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ತಿಪಟೂರು.